ಕಿರೀಟ ದಾಟಿದ ಗೆರೆ

ಈಗಿನ ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದು ಹೆಸರು. ಅಲ್ಲಿನ ರೈಲು ನಿಲ್ದಾಣದ ಎದುರಿಗೆ ನಮ್ಮ ತಂದೆ ಒಂದು ಅಂಗಡಿ ಇಟ್ಟಿದ್ದರು, ಅದರ ಹಿಂದೆಯೇ ನಮ್ಮ ಮನೆ. ವೀಳ್ಯದೆಲೆ, ಅಡಿಕೆ, ಬೀಡಿ, ಬಾಳೆಹಣ್ಣು, ಗೋಲಿ ಸೋಡ. ದೊಡ್ಡ ರೈಲಿನಿಂದ ಇಳಿದವರು ಚಿನ್ನದ ಗಣಿಯ ರೈಲು ಹತ್ತುವ ಮೊದಲು ಅಲ್ಲಿ ಕಾಯಬೇಕಿತ್ತು. ಅವರು ಕಾಯುತ್ತಿದ್ದುದರಿಂದ ನಮ್ಮ ಸಂಸಾರ ನಡೆಯಿತು.

ನಾನು ಆಗ ಬೆಂಗಳೂರಿನ ಒಂದು ಪತ್ರಿಕೆಗೆ ಊರ ಸುದ್ದಿ ಬರೆದು ಬೆಳಗಿನ ರೈಲಿಗೆ ಹಾಕುತ್ತಿದ್ದೆ. ಕಂಡದ್ದನ್ನು ಕಂಡದ್ದೆಂದು ಬರೆ, ಕೇಳಿದ್ದನ್ನು ಕೇಳಿದ್ದೆಂದು ಬರೆ, ಊಹೆಯನ್ನು ಮನೆಯಲ್ಲಿ ಬಿಟ್ಟು ಬಾ ಎಂದು ಅಲ್ಲಿನ ಹಿರಿಯರು ಕಲಿಸಿದ್ದರು. ನಮ್ಮ ಮನೆಯ ಒಂದು ಮುಕ್ಕಾಸಿನ ವಿಷಯ ಬರೆಯುವಾಗಲೂ ಅದನ್ನೇ ಪಾಲಿಸುತ್ತೇನೆ. ಮುಕ್ಕಾಸು ಎಂದರೆ ಕಾಲಾಣೆಯ ತಾಮ್ರದ ನಾಣ್ಯ. ಒಂದು ಕಡೆ ದೊರೆಯ ತಲೆ, ಇನ್ನೊಂದು ಕಡೆ ಬೆಲೆ ಮತ್ತು ಇಸವಿ.

ಶುರುವಾದದ್ದು ಬೂದಿಕೋಟೆಯ ಕಡೆಯ ಒಬ್ಬ ರೈತನಿಂದ. ಅಪ್ಪ ಕೊಟ್ಟ ಚಿಲ್ಲರೆಯಲ್ಲಿ ಒಂದು ಮುಕ್ಕಾಸನ್ನು ಅವನು ವಾಪಸು ತಂದ.

"ಏನ್ ಯಜಮಾನ್ರೇ, ಒಡದೋಗಿರೋ ಕಾಸು ಕೊಟ್ಟಿದ್ದೀರಲ್ಲಾ. ಇದನ್ನ ನಮ್ಮೂರಾಗೆ ಯಾರು ಈಸ್ಕೊಂತಾರೆ?"

"ಕಾಸು ಒಡೀತದೇನಪ್ಪಾ? ಮಡಕೇನಾ ಅದು?"

"ನೀವೇ ನೋಡಿ. ದೊರೆ ತಲೆ ಇಂದೆ ಬಿರುಕು ಬಿಟ್ಟೈತೆ."

ಅಪ್ಪ ಬೇರೆ ಕಾಸು ಕೊಟ್ಟು ಅದನ್ನು ಇಟ್ಟುಕೊಂಡರು. ಗಿರಾಕಿ ಹೋದ ಮೇಲೆ ಬೆಳಕಿಗೆ ಹಿಡಿದು ನೋಡಿದರು. ಅಂಚಿನಿಂದ ಹೊರಟ ಒಂದು ಕೂದಲೆಳೆಯಂಥ ಗೆರೆ ದೊರೆಯ ತಲೆಯ ಕಡೆಗೆ ಹೋಗಿ ನಿಂತಿತ್ತು. ಅದರ ಮೇಲೆ ಉಗುರು ಎಳೆದರು. ಬಿರುಕಾಗಿದ್ದರೆ ಉಗುರು ಒಳಗೆ ಸಿಕ್ಕಿಕೊಳ್ಳಬೇಕಿತ್ತು. ಇಲ್ಲಿ ಉಗುರು ಏರಿ ಇಳಿಯಿತು. ಗೆರೆ ಉಬ್ಬಿತ್ತು.

ಇದಕ್ಕೆ ಕಾರಣ ಹೇಳಿದವನು ಅಪ್ಪನ ಗೆಳೆಯ, ಕೋರಮಂಡಲ್ ಗಣಿಯ ವರ್ಕ್‌ಷಾಪಿನ ಫಿಟ್ಟರ್. ಮನೆಯಲ್ಲಿ ತಮಿಳು, ಅಂಗಡಿಗಳಲ್ಲಿ ತೆಲುಗು, ನಮ್ಮಲ್ಲಿಗೆ ಬಂದರೆ ಕನ್ನಡ. ರಜದ ದಿನ ರೈಲಿನಲ್ಲಿ ಬಂದು, ನಮ್ಮ ಬೆಂಚಿನ ಮೇಲೆ ಕೂತು, ಗಣಿಗೆ ಬರುವ ಬೇತಮಂಗಲದ ಕೆರೆ ನೀರು ಕುಡಿದು ಕುಡಿದು ನಾಲಿಗೆ ಸತ್ತಿದೆ ಎಂದು ಹೇಳಿ ಸೋಡ ಕೇಳುತ್ತಿದ್ದ. ಮೊದಲು ಅವನೂ ನಂಬಲಿಲ್ಲ. ಚೀಲದಲ್ಲಿ ಒಂದಕ್ಕೊಂದು ಉಜ್ಜಿ ಆದ ಗೀರು ಅದು ಎಂದ. ಮುಂದಿನ ವಾರ ಬಂದವನು ಒಂದು ಹಿತ್ತಾಳೆ ಬಿಲ್ಲೆಯನ್ನು ಅಪ್ಪನ ಅಂಗೈಗೆ ಹಾಕಿದ. ಗಣಿಗೆ ಇಳಿಯುವವರಿಗೆ ಕೊಡುವ ನಂಬರ್ ಬಿಲ್ಲೆ. ಅದರ ಮೇಲೆ ಅಂಕಿ ಒತ್ತುವುದು ಅವನ ಕೆಲಸಗಳಲ್ಲೊಂದು.

"ನಾಲ್ಕು ನೋಡಿ ಅಣ್ಣಾ. ನಾಲ್ಕರ ಒಳಗೆ."

ಒತ್ತಿದ ನಾಲ್ಕರ ಹಳ್ಳದಲ್ಲಿ ಸಣ್ಣದೊಂದು ಏಣು ಎದ್ದಿತ್ತು.

"ನಾನು ನಾಲ್ಕು ಒತ್ತೋ ಉಕ್ಕಿನ ಅಚ್ಚು ಸೀಳಿದೆ. ಎಷ್ಟು ದಿನದಿಂದಲೋ, ನಾನೇ ನೋಡಿರಲಿಲ್ಲ. ಎಲ್ಲಾ ಬಿಲ್ಲೇಲೂ ಈ ಮೀಸೆ ಬಂದಿದೆ. ಟಂಕಸಾಲೆಯಲ್ಲೂ ಅದೇ. ಅಚ್ಚು ಹೊಡೆದು ಹೊಡೆದು ಸವೀತದೆ, ಸೀಳತದೆ. ಸೀಳಿನೊಳಗೆ ತಾಮ್ರ ಹೋಗಿ ಕೂತ್ಕೊತದೆ. ಕಾಸು ಒಡೆದಿಲ್ಲ ಅಣ್ಣಾ. ಅಚ್ಚು ಒಡೆದಿದೆ."

ಅಂದಿನಿಂದ ಅಪ್ಪ ಗೆರೆಯ ಕಾಸುಗಳನ್ನು ಕೂಡಿಡಲು ತೊಡಗಿದರು. ಚುಟ್ಟ ಬರುತ್ತಿದ್ದ ಒಂದು ಮರದ ಪೆಟ್ಟಿಗೆಯೊಳಗೆ ಜೇನುಮೇಣ ಕರಗಿಸಿ ಹೊಯ್ದು, ಅದು ಗಟ್ಟಿಯಾಗುವ ಮೊದಲು ಕಾಸುಗಳನ್ನು ಸಾಲಾಗಿ ಒತ್ತಿ ಕೂರಿಸಿದರು. ಅಕ್ಷರ ತುಂಬಿಹೋದ ಕಾಸು, ದೊರೆಯ ಗಡ್ಡ ಕರಗಿದ ಕಾಸು, ಅಂಚಿನಲ್ಲಿ ತಾಮ್ರದ ಗಡ್ಡೆ ಎದ್ದ ಕಾಸು, ಎಲ್ಲ ಅಲ್ಲಿ ಸೇರಿದವು. ಊರಿನವರಿಗೆ ಇದು ತಮಾಷೆಯಾಯಿತು. ಬೇಡದ ಕಾಸು ಕಂಡರೆ ನಮ್ಮ ಅಂಗಡಿಗೆ ತಂದು ಬಾಳೆಹಣ್ಣು ಕೇಳುತ್ತಿದ್ದರು.

ಅಮ್ಮನಿಗೆ ಇದು ಸರಿಬರುತ್ತಿರಲಿಲ್ಲ.

"ಸೊಟ್ಟ ಕಾಸು, ಸೀಳು ಕಾಸು ಎಲ್ಲಾ ನಮ್ಮನೆಗೆ. ಒಳ್ಳೇವೆಲ್ಲಾ ಕಂಡೋರ ಮನೆಗೆ," ಎನ್ನುತ್ತಿದ್ದಳು.

"ಅಂಗಾದ್ರೆ ನಿನ್ನ ಯಾಕೆ ಕಟ್ಕೊಂಡೆ ಅಂತ ಕೇಳ್ತಾ ಇದೀಯಾ?"

"ನಿಮ್ಮನ್ನ ಯಾಕೆ ಕಟ್ಕೊಂಡೆ ಅಂತ ಕೇಳ್ಕೊತಾ ಇದೀನಿ."

ಅಮ್ಮ ಊನವಾದ ವಸ್ತುವನ್ನು ದೇವರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ತುದಿ ಹರಿದ ಎಲೆ, ಎಸಳು ಉದುರಿದ ಹೂವು, ಬಿರುಕು ಬಿಟ್ಟ ತೆಂಗಿನಕಾಯಿ ಬಂದರೆ ತಂದವರ ಕೈಯಲ್ಲೇ ವಾಪಸು ಕಳಿಸುತ್ತಿದ್ದಳು. ಮುಕ್ಕಾದ ಹಣತೆಯಲ್ಲಿ ದೀಪ ಹಚ್ಚುತ್ತಿರಲಿಲ್ಲ. ಊನವಾದದ್ದನ್ನು ಕೊಟ್ಟರೆ ಕೇಳಿದ್ದೂ ಊನವಾಗಿಯೇ ಸಿಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳಂತೆ.

ಅಪ್ಪನಿಗೂ ಅಂಥದೇ ಒಂದು ಹಟ ಇತ್ತು, ಆದರೆ ಅದು ಕಾಸಿನ ವಿಷಯದಲ್ಲಿ. ಒಮ್ಮೆ ಪೊಂಗಲ್‌ಗೆ ಫಿಟ್ಟರ್ ಬೆಲ್ಲ, ಕಬ್ಬು ತಂದ. ಜೊತೆಗೆ ಒಂದು ಮುಕ್ಕಾಸನ್ನು ಎಲೆಯಲ್ಲಿ ಸುತ್ತಿ ತಂದಿದ್ದ. ದೊರೆಯ ಕೆನ್ನೆಯ ಮೇಲೆ ನೀಟಾದ ಗೆರೆ. ಅಪ್ಪ ಉಗುರು ಎಳೆದು ನೋಡಿ ತಲೆಯಾಡಿಸಿದರು.

"ಉಗುರು ಸಿಕ್ಕೊಂತದೆ ತಂಬಿ. ಇದು ಯಾರೋ ಮೊಳೆನಾಗೆ ಗೀರವ್ರೆ."

"ಇರಲಿ ಅಣ್ಣಾ. ಆಸೆಯಿಂದ ತಂದಿದೀನಿ. ಪೆಟ್ಟಿಗೆಯಲ್ಲಿ ಒಂದು ಮೂಲೆ ಕೊಡಿ."

"ಬೇಕಾದ್ರೆ ಅಂಗಡೀಲಿ ಅರ್ಧ ಕೊಡ್ತೀನಿ. ಇದನ್ನ ಮಾತ್ರ ಗೆರೆ ಅನ್ನಾಕಾಗಲ್ಲ."

ಫಿಟ್ಟರ್ ಕಬ್ಬನ್ನು ವಾಪಸು ತೆಗೆದುಕೊಂಡು ಹೋಗುವವನಂತೆ ಎದ್ದ. ಅಮ್ಮ ಕಬ್ಬಿನ ಇನ್ನೊಂದು ತುದಿ ಹಿಡಿದುಕೊಂಡಳು. ಎಲ್ಲರೂ ನಕ್ಕರು. ಕಾಸು ಮಾತ್ರ ಪೆಟ್ಟಿಗೆಗೆ ಹೋಗಲಿಲ್ಲ. ಕಾಸಿನ ವಿಷಯದಲ್ಲಿ ಅಪ್ಪ ಸ್ನೇಹಕ್ಕೂ ಸುಳ್ಳು ಹೇಳುವವರಲ್ಲ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಬೇರೆ ಅಂಗಡಿಯವರೂ ಅನುಮಾನದ ನಾಣ್ಯಗಳನ್ನು ಅವರಿಗೆ ತಂದು ತೋರಿಸುತ್ತಿದ್ದರು.

ಪೆಟ್ಟಿಗೆಯ ಮೇಲಿನ ಸಾಲು ಅವರಿಗೆ ಬಹಳ ಇಷ್ಟದ್ದು. ಅದರಲ್ಲಿದ್ದವು ಒಂದೇ ಅಚ್ಚಿನ ಮುಕ್ಕಾಸುಗಳು. ಗಣಿಯ ಸಂಬಳದ ಹೊತ್ತಿಗೆ ಹೊಸ ಚಿಲ್ಲರೆಯ ಚೀಲಗಳು ಬರುತ್ತಿದ್ದವು. ಒಂದು ಅಚ್ಚಿನಿಂದ ಹೊಡೆದವು ಒಟ್ಟಿಗೇ ಬರುತ್ತಿದ್ದವೆಂದು ಕಾಣುತ್ತದೆ. ಇದು ಫಿಟ್ಟರ್‌ನ ಊಹೆ, ನನ್ನದಲ್ಲ. ಬೂದಿಕೋಟೆಯವನು ಬಿಟ್ಟುಹೋದದ್ದು ಮೊದಲನೆಯದು: ಗೆರೆ ಅಂಚಿನಿಂದ ಆಗಷ್ಟೇ ಹೊರಟಿತ್ತು. ಎರಡನೆಯದರಲ್ಲಿ ಕಿರೀಟದ ಬೆನ್ನು ಮುಟ್ಟಿತ್ತು. ಕೊನೆಯದರಲ್ಲಿ ಆಚೆಯ ಅಂಚಿಗೇ ಹೋಗಿ ಸೇರಿತ್ತು. ಅಲ್ಲಿ ಅಚ್ಚಿನ ಚೂರೇ ಉದುರಿಹೋಗಿ ಕಾಸಿನ ಮೇಲೆ ತಾಮ್ರದ ಗಂಟು ಕೂತಿತ್ತು. ಇವೆರಡರ ನಡುವಿನದು ಇರಲಿಲ್ಲ. ಗೆರೆ ಕಿರೀಟ ದಾಟಿ ಹಣೆಯ ಮೇಲೆ ನಿಂತಿರುವ ಕಾಸು ಒಂದು ಇದ್ದೇ ಇರಬೇಕು ಎಂದು ಅಪ್ಪ ಹೇಳುತ್ತಿದ್ದರು. ಅದಕ್ಕಾಗಿ ಮೇಣದಲ್ಲಿ ಜಾಗ ಬಿಟ್ಟಿದ್ದರು.

"ಕಿರೀಟ ಎಗರಿ ಒಂದೇ ಸಲ ಆಚೆಗೆ ಓಗ್ತದಾ? ಅಣೆ ಮ್ಯಾಲೆ ಒಂದಿನಾನಾದ್ರೂ ನಿಂತಿರ್ತದೆ. ಆವತ್ತು ಒಡೆದ ಕಾಸು ಎಲ್ಲೋ ಒಬ್ಬನ ಸೊಂಟದಾಗೆ ಐತೆ."

ಸಂಜೆ ಗಲ್ಲಾಪೆಟ್ಟಿಗೆ ಮುಚ್ಚುವ ಮೊದಲು ಮುಕ್ಕಾಸುಗಳನ್ನೆಲ್ಲ ಹಲಗೆಯ ಮೇಲೆ ಹರಡಿ ನೋಡುವುದು ಅವರ ಪೂಜೆ. ಎರಡನೆಯ ಮಹಾಯುದ್ಧ ಶುರುವಾಗಿ, ಮುಂದೆ ನಡುವೆ ತೂತಿದ್ದ ಹೊಸ ಕಾಸು ಬಂದಿತು. ಹಳೆಯ ತಾಮ್ರದ ಮುಕ್ಕಾಸು ಕೈಯಿಂದ ಕೈಗೆ ಹೋಗುವುದೇ ಕಡಿಮೆಯಾಯಿತು. ಚಿಲ್ಲರೆಗೆ ಎಲ್ಲರೂ ಪರದಾಡುತ್ತಿದ್ದ ಕಾಲ ಅದು. ಪೆಟ್ಟಿಗೆಯಲ್ಲಿ ಚಿಲ್ಲರೆ ಬಚ್ಚಿಟ್ಟುಕೊಂಡಿದ್ದಾರೆಂದು ಒಬ್ಬಿಬ್ಬರು ಆಡಿಕೊಂಡಾಗ ಅಪ್ಪ ಕೆಳಗಿನ ಸಾಲುಗಳನ್ನು ಕಿತ್ತು ವ್ಯಾಪಾರಕ್ಕೆ ಬಿಟ್ಟುಬಿಟ್ಟರು. ಮೇಲಿನ ಸಾಲನ್ನು ಮುಟ್ಟಲಿಲ್ಲ. ನಡುವಿನದು ಇನ್ನು ಸಿಗುವುದಿಲ್ಲವೆಂದು ಫಿಟ್ಟರ್ ಹೇಳುತ್ತಿದ್ದ. ಅಪ್ಪ ಹಲಗೆ ಒರೆಸುತ್ತಿದ್ದರು.

ಇನ್ನು ನಮ್ಮ ಮನೆಯ ಒಂದು ಮುಡಿಪಿನ ವಿಷಯ. ಯುದ್ಧಕ್ಕೆ ಸ್ವಲ್ಪ ಮೊದಲು ನನಗೆ ವಿಷಮಶೀತ ಜ್ವರ ಬಂದಿತ್ತು. ಆ ದಿನಗಳದ್ದೇನೂ ನನಗೆ ನೆನಪಿಲ್ಲ, ಇದೆಲ್ಲ ಕೇಳಿದ್ದು. ಅಪ್ಪ ಅಂಗಡಿ ಬಿಟ್ಟು ನನ್ನ ಹಾಸಿಗೆಯ ಪಕ್ಕದಲ್ಲೇ ಇದ್ದರಂತೆ. ಅಮ್ಮ ನಡುನಡುವೆ ಹೋಗಿ ಅಂಗಡಿ ತೆಗೆಯುತ್ತಿದ್ದಳಂತೆ. ಡಾಕ್ಟರು ಏನೂ ಹೇಳಲಾಗದು ಎಂದ ದಿನ, ಅಮ್ಮ ಗಲ್ಲಾಪೆಟ್ಟಿಗೆಯಿಂದ ಒಂದು ಕಾಸು ತೆಗೆದು, ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ತಿರುಪತಿ ವೆಂಕಟರಮಣನಿಗೆ ಮುಡಿಪು ಇಟ್ಟಳು. ಮಗ ಉಳಿದರೆ ಇದೇ ಕಾಸನ್ನು ಬೆಟ್ಟಕ್ಕೆ ತರುತ್ತೇನೆ, ಅವನ ಕೂದಲನ್ನೂ ಕೊಡುತ್ತೇನೆ ಎಂದು. ಕಾಸು ಆರಿಸಿದ್ದು ಹೇಗೆ ಎಂದು ನಾನು ಕೇಳಿದ್ದೇನೆ. "ಇರೋದ್ರಾಗೆ ಒಳೀತಾ ಇರೋದನ್ನ ತಕ್ಕೊಂಡೆ" ಎಂದಿದ್ದಳು.

ಜ್ವರ ಇಳಿಯಿತು. ಮುಡಿಪು ದೇವರ ಗೂಡಿನಲ್ಲಿ ಉಳಿಯಿತು. ಒಂದು ವರ್ಷ ಅಂಗಡಿಯ ಚಾವಣಿ ಬಿತ್ತು, ಇನ್ನೊಂದು ವರ್ಷ ಅಜ್ಜಿ ತೀರಿಕೊಂಡು ಸೂತಕವಾಯಿತು, ಆಮೇಲೆ ರೈಲುಗಳ ತುಂಬ ಸಿಪಾಯಿಗಳು. ಮುಡಿಪು ಕಟ್ಟಿದ ಕಾಸನ್ನು ಬದಲಿಸುವಂತಿಲ್ಲ, ಖರ್ಚು ಮಾಡುವಂತಿಲ್ಲ, ಎಷ್ಟು ವರ್ಷವಾದರೂ ಅದೇ ಕಾಸು ವೆಂಕಟರಮಣನಿಗೆ ಸೇರಬೇಕು. ಸಾಲಗಾರ ತಡಮಾಡಿದರೆ ಅವನು ಸಹಿಸುತ್ತಾನೆ, ಬಡ್ಡಿ ಮಾತ್ರ ಬಿಡುವುದಿಲ್ಲ ಎಂದು ಅಮ್ಮ ಪ್ರತಿ ಶನಿವಾರ ದೀಪ ಹಚ್ಚುವಾಗ ನೆನಪಿಸುತ್ತಿದ್ದಳು. ನನ್ನ ಕೂದಲನ್ನು ಆಗಾಗ ಲೆಕ್ಕಪರಿಶೋಧಕನಂತೆ ನೋಡುತ್ತಿದ್ದಳು.

ಯುದ್ಧ ಮುಗಿಯುವ ಹೊತ್ತಿಗೆ ಹೊರಡುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಬೆಳಿಗ್ಗೆ ಅಮ್ಮ ಗೂಡಿನಿಂದ ಗಂಟು ತೆಗೆದು ನೋಡಿದರೆ ಇಲಿ ಬಟ್ಟೆ ಕಡಿದಿತ್ತು. ಹರಿದ ಬಟ್ಟೆಯಲ್ಲಿ ಒಯ್ಯುವಂತಿಲ್ಲ. ಒಂದು ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ಹಾಕಿ, ಗಂಟು ಬಿಚ್ಚಿ, ಕಾಸನ್ನು ಅದರಲ್ಲಿ ಇಟ್ಟಳು. ಅಪ್ಪ ಹೊರಗೆ ಹೋಗಲು ಅಂಗಿ ಹಾಕಿಕೊಳ್ಳುತ್ತಿದ್ದರು. ನಾನು ಜಗಲಿಗೆ ಹೋಗುವ ಬಾಗಿಲಲ್ಲಿದ್ದೆ. ಇಲ್ಲಿಂದ ಮುಂದಿನದು ನಾನು ಕಂಡದ್ದು.

ಅಪ್ಪ ತಟ್ಟೆಯ ಕಡೆ ಒಮ್ಮೆ ನೋಡಿದರು. ಅಂಗಿಯ ಒಂದು ತೋಳು ಹಾಕಿಕೊಂಡವರು ಇನ್ನೊಂದನ್ನು ಮರೆತರು. ಕೂತು, ನೀರಿನಿಂದ ಕಾಸನ್ನು ತೆಗೆದು ಕಿಟಕಿಯ ಕಡೆ ತಿರುಗಿಸಿದರು. ನನಗೂ ಕಂಡಿತು. ಅಂಚಿನಿಂದ ಹೊರಟ ಗೆರೆ ಕಿರೀಟವನ್ನು ದಾಟಿ ದೊರೆಯ ಹಣೆಯ ಮೇಲೆ ನಿಂತಿತ್ತು.

ಅವರ ಹೆಬ್ಬೆರಳಿನ ಉಗುರು ತಾನಾಗಿಯೇ ಅದರ ಮೇಲೆ ಹೋಯಿತು. ಏರಿತು, ಇಳಿಯಿತು.

ಅಮ್ಮ ಕಾಸು ನೋಡಲಿಲ್ಲ, ಅವರ ಮುಖ ನೋಡಿದಳು. ಆ ಉಗುರು ಯಾವಾಗ ಹಾಗೆ ಓಡುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ.

"ಯಾಕೆ? ಏನಾದ್ರೂ ಊನ ಐತಾ?"

ಅಪ್ಪ ಉಗುರನ್ನು ಹಿಂದಕ್ಕೆ ತೆಗೆದುಕೊಂಡರು.

"ಬಾಯಿಬಿಟ್ಟು ಏಳಿ. ಐತಾ? ಅವತ್ತು ನಾನು ನೋಡ್ನಿಲ್ಲ. ಕಣ್ಣಿಗೆ ಒಳ್ಳೇದು ಅನ್ನಿಸಿದ್ದು ಕಟ್ಟಿಬಿಟ್ಟೆ. ಇಷ್ಟು ವರ್ಷ ಊನದ ಕಾಸಿಗೆ ದೀಪ ಅಚ್ಚಿದ್ನಾ?" ಎನ್ನುವಾಗ ಅವಳ ಕಣ್ಣು ನನ್ನ ಕಡೆ ಬಂದಿತು. ಆ ನೋಟ ನನಗೆ ಇನ್ನೂ ನೆನಪಿದೆ. ಜ್ವರದ ಹಾಸಿಗೆಯಲ್ಲಿದ್ದ ನನ್ನನ್ನು ಹೀಗೆಯೇ ನೋಡಿದ್ದಿರಬೇಕು. "ಊನ ಇದ್ರೆ ಏಳಿಬಿಡಿ. ಇದನ್ನ ನಿಮ್ಮ ಪೆಟ್ಟಿಗೆಗೆ ಆಕ್ಕೊಳಿ. ನಾನು ತಪ್ಪುಕಾಣಿಕೆ ಕಟ್ಟಿ ಮತ್ತೆ ಮೊದ್ಲಿಂದ ಅರಕೆ ಒತ್ಕೊಂತೀನಿ."

ಇದರ ಅರ್ಥ ಅಪ್ಪನಿಗೆ ತಿಳಿಯಿತು, ನನಗೂ ತಿಳಿಯಿತು. ಹೌದು ಎಂದರೆ ಕಾಸು ಪೆಟ್ಟಿಗೆಗೆ ಬರುತ್ತದೆ. ಆದರೆ ಅಂದಿನಿಂದ ನಾನು ಒಮ್ಮೆ ಕೆಮ್ಮಿದರೂ ಅಮ್ಮನಿಗೆ ನಿದ್ದೆ ಇರುವುದಿಲ್ಲ. ನಾನು ಉಳಿದದ್ದು ಪೂರ್ತಿ ಉಳಿದದ್ದಲ್ಲ ಎಂದಾಗುತ್ತದೆ.

ಅಪ್ಪ ಕಾಸನ್ನು ಇನ್ನೊಮ್ಮೆ ಬೆಳಕಿಗೆ ತಿರುಗಿಸಿದರು.

"ಊನ ಏನೂ ಇಲ್ಲ ಕಣೆ," ಎಂದರು. "ಒಳ್ಳೆ ಕಾಸು. ನನ್ನ ಗಲ್ಲಾಪೆಟ್ಟಿಗೆನಾಗೆ ಇಷ್ಟು ಚೆನ್ನಾಗಿರೋದು ಇತ್ತಾ ಅಂತ ನೋಡ್ತಿದ್ದೆ."

"ಆಣೆಗೂ?"

"ಕಾಸಿನ ಇಷಯದಾಗೆ ನಾನು ಯಾವತ್ತಾದ್ರೂ ಇಲ್ಲದ್ದು ಏಳಿದೀನಾ?"

ಅಮ್ಮ ಉಸಿರು ಬಿಟ್ಟಳು. ಊರಿನ ಅಂಗಡಿಯವರೆಲ್ಲ ಒಪ್ಪುವ ಮಾತು ಅವಳಿಗೂ ಸಾಕಾಯಿತು. ಹೊಸ ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿ ಹಿತ್ತಲಿನ ಬಿಸಿಲಿಗೆ ಹಾಕಿದ್ದಳು. ಅದು ಒಣಗಿತೋ ನೋಡಿ ಬರುತ್ತೇನೆಂದು ಎದ್ದಳು. ಕಾಸು ತಟ್ಟೆಯಲ್ಲೇ ಇರಲಿ, ಬೇರೆಲ್ಲೂ ಇಡಬೇಡಿ ಎಂದು ಹೇಳಿ ಹೋದಳು.

ಅವಳು ಹಿತ್ತಲಿಗೆ ಇಳಿದದ್ದೇ ತಡ ಅಪ್ಪ ಮೂಲೆಯಿಂದ ಚುಟ್ಟದ ಪೆಟ್ಟಿಗೆಯನ್ನು ತಂದರು. ಒಂದು ತೋಳಿನ ಅಂಗಿಯಲ್ಲೇ. ಬಿಟ್ಟಿದ್ದ ಜಾಗದ ಮೇಣವನ್ನು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಬಿಸಿ ಮಾಡಿದರು. ಕಾಸನ್ನು ಒದ್ದೆಯಾಗಿದ್ದಾಗಲೇ ದೊರೆಯ ಮುಖ ಕೆಳಗೆ ಮಾಡಿ ಅಲ್ಲಿಟ್ಟು, ಅಂಗೈಯಿಂದ ಮೈಭಾರವೆಲ್ಲ ಹಾಕಿ ಒತ್ತಿದರು. ಬಿಡಿಸಿ ತೆಗೆದು, ತಟ್ಟೆಯ ನೀರಿನಲ್ಲಿ ತೊಳೆದು, ಇದ್ದ ಹಾಗೆಯೇ ಇಟ್ಟರು. ಆಮೇಲೆ ನನ್ನನ್ನು ನೋಡಿದರು.

"ಲೇ, ಇದನ್ನೇನು ಪೇಪರ್‌ಗೆ ಬರೀಬ್ಯಾಡ."

"ಇಲ್ಲ," ಎಂದೆ.

ಅಮ್ಮ ಬಂದು ಕಾಸನ್ನು ಒರೆಸಿ ಹೊಸ ಬಟ್ಟೆಯ ಮೇಲೆ ಇಟ್ಟಳು. ಅಪ್ಪನೇ ಗಂಟು ಹಾಕಿದರು.

ಕಾಟ್ಪಾಡಿಯಲ್ಲಿ ರೈಲು ಬದಲಿಸಿ ತಿರುಪತಿಗೆ ಹೋದೆವು. ಬೆಟ್ಟದ ಮೇಲೆ ನನ್ನ ತಲೆ ಬೋಳಾಯಿತು. ಹುಂಡಿಯ ಮುಂದೆ ನೂಕುನುಗ್ಗಲು. ಅಮ್ಮ ಗಂಟನ್ನು ಕಣ್ಣಿಗೊತ್ತಿಕೊಂಡು, ನನ್ನ ತಲೆಗೆ ಮುಟ್ಟಿಸಿ, ಒಳಗೆ ಹಾಕಿದಳು. ಅಪ್ಪ ಪಕ್ಕದಲ್ಲೇ ಕೈಮುಗಿದು ನಿಂತಿದ್ದರು. ಅವರ ಕಣ್ಣು ಗಂಟು ಮಾಯವಾದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿತು. ಹಿಂದಿನವರು ನೂಕಿದರು, ಮುಂದೆ ಹೋದೆವು. ಇಳಿಯುವಾಗ ಅಮ್ಮ ಎಂದೂ ಇಲ್ಲದಷ್ಟು ಮಾತಾಡಿದಳು. ಲಾಡು ಚಿಕ್ಕದಾಗಿದೆ, ಕ್ಷೌರಿಕನ ಕೈ ಒರಟು, ನನ್ನ ಬೋಳುತಲೆ ಹಿಂದೆ ಚಪ್ಪಟೆ, ಅದು ಅಪ್ಪನ ಕಡೆಯ ತಲೆ.

ಮುಂದಿನ ರಜದ ದಿನ ಫಿಟ್ಟರ್ ಬಂದ. ಮೊದಲು ನನ್ನ ತಲೆಯನ್ನು ತಟ್ಟಿ ನೋಡಿದ. ಪ್ರಸಾದ ತಿಂದ. ಆಮೇಲೆ ಅಪ್ಪ ಪೆಟ್ಟಿಗೆಯನ್ನು ಅವನ ಮುಂದೆ ತೆರೆದಿಟ್ಟರು. ಅವನು ಖಾಲಿ ಜಾಗದ ಹತ್ತಿರ ಮುಖ ತಂದ. ಮೇಣದಲ್ಲಿ ದೊರೆ ಎಂದಿನಂತೆ ಎಡಕ್ಕಲ್ಲ, ಬಲಕ್ಕೆ ನೋಡುತ್ತಿದ್ದ. ಅಕ್ಷರಗಳು ತಿರುಗುಮುರುಗಾಗಿದ್ದವು. ಅರಿಶಿನದ ಬಣ್ಣ ಕಿರೀಟದಲ್ಲಿ ಸ್ವಲ್ಪ ಉಳಿದಿತ್ತು. ಫಿಟ್ಟರ್ ತನ್ನ ಉಗುರನ್ನು ಮೆಲ್ಲಗೆ ಗೆರೆಯ ಮೇಲೆ ಎಳೆದ. ಉಗುರು ಒಳಗೆ ಇಳಿಯಿತು.

"ಅಣ್ಣಾ," ಎಂದ, "ಇದು ಕಾಸಲ್ಲ. ಇದು ಅಚ್ಚು. ಟಂಕಸಾಲೆಯಲ್ಲಿ ಸೀಳಿದ್ದು ಹಿಂಗೇ ಇದ್ದಿರತ್ತೆ."

ಅಪ್ಪ ಸುಮ್ಮನೆ ನಕ್ಕರು.

"ಕಾಸು ಎಲ್ಲಿ?"

ಅಪ್ಪ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ವಡ್ಡಿಕಾಸುಲವಾಡ್ಗೆ ಕೊಟ್ಬಿಟ್ಟೆ."

ಕಾಸಿಗೆ ಕಾಸು ಬಡ್ಡಿ ವಸೂಲು ಮಾಡುವವನು ಎಂದು ನಮ್ಮ ಕಡೆ ತಿರುಪತಿಯವನನ್ನು ಕರೆಯುವ ತೆಲುಗು ಹೆಸರು ಅದು. ಫಿಟ್ಟರ್ ಒಂದು ಕ್ಷಣ ನನ್ನ ತಲೆ ನೋಡಿದ, ಪೆಟ್ಟಿಗೆ ನೋಡಿದ, ಆಮೇಲೆ ಬೆಂಚು ಅಲುಗುವ ಹಾಗೆ ನಗಲು ತೊಡಗಿದ. ಅಮ್ಮ ಕಾಫಿ ಹಿಡಿದುಕೊಂಡು ಬಂದಳು.

"ಏನು ನಗು?"

"ಏನಿಲ್ಲ ಅಕ್ಕಾ. ಅಣ್ಣ ಒಂದು ಕಾಸು ಕಳ್ಕೊಂಡ್ರಂತೆ."

"ಒಂದೇನಾ? ಪೆಟ್ಟಿಗೆ ಪೂರ್ತಿ ಕಳ್ಕೊಳ್ಳಲಿ. ಬೆಟ್ಟಕ್ಕೆ ಇನ್ನೊಂದು ಮುಡಿಪು ಕಟ್ತೀನಿ."

ಪೆಟ್ಟಿಗೆ ಅವಳ ಎದುರಿಗೇ ತೆರೆದಿತ್ತು. ಅವಳು ಲೋಟ ಇಡಲು ಅದನ್ನು ಎರಡು ಕೈಯಲ್ಲೂ ಎತ್ತಿ, ಅಲುಗಾಡದಂತೆ ಬದಿಗೆ ಸರಿಸಿದಳು. ಮೇಣದಲ್ಲಿನ ಮುಖವನ್ನು ಅವಳು ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಲಿಲ್ಲ.

ಸಂಜೆ ಹಲಗೆಯ ಮೇಲೆ ಮುಕ್ಕಾಸು ಹರಡುವುದನ್ನು ಅಪ್ಪ ಅಲ್ಲಿಗೆ ನಿಲ್ಲಿಸಿದರು. ಪೆಟ್ಟಿಗೆ ಈಗ ನನ್ನ ಹತ್ತಿರ ಇದೆ. ಕಾಸುಗಳಿಗೆ ಯಾವ ಆರೈಕೆಯೂ ಬೇಡ, ಅವು ತಾಮ್ರ. ನಡುವಿನದು ಮೇಣ. ಬೇಸಿಗೆ ಬಲಿತ ಕೂಡಲೇ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿ, ನೀರಿನ ಹೂಜಿಯ ಪಕ್ಕದಲ್ಲಿ, ನೆಲ ತಣ್ಣಗಿರುವ ಕಡೆ ಇಡುತ್ತೇನೆ. ಮಳೆ ಹಿಡಿಯುವವರೆಗೆ ಅಲ್ಲೇ ಇರುತ್ತದೆ. ನೀರು ಕುಡಿಯಲು ಬಂದವರು ಎಡವದಿರಲಿ ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.